ಕಣ್ಣು ಮುಚ್ಚಿ ಕೂತಾಗ ಆ ಯೋಚನೆ ಎಲ್ಲಿಗೆ ಹೋಗುತ್ತದೆ?

(ಬೆಂಗಳೂರಿನ ಬಸವನಗುಡಿಯಲ್ಲಿ ಒಂದು ಭಾನುವಾರ ಸಂಜೆ ಮನಶ್ಶಾಸ್ತ್ರಜ್ಞೆಯೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ. ಉದಾಹರಣೆಗಳಲ್ಲಿ ಬರುವವರ ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಈ ವಿಷಯವನ್ನು ನನಗೆ ಕೊಟ್ಟವರು ಪ್ರಶ್ನೆಯ ರೂಪದಲ್ಲೇ ಕೊಟ್ಟರು. ಧ್ಯಾನ ಮಾಡುವವರು ಕಷ್ಟದ ಯೋಚನೆಗಳನ್ನು ಎದುರಿಸುತ್ತಾರೋ, ಅವುಗಳಿಂದ ತಪ್ಪಿಸಿಕೊಳ್ಳುತ್ತಾರೋ? ನನ್ನ ಕೆಲಸ ಜನರ ಮನಸ್ಸಿನ ಕಷ್ಟ ಕೇಳುವುದು. ಬೆಳಿಗ್ಗೆ ನಾನೂ ಸ್ವಲ್ಪ ಹೊತ್ತು ಧ್ಯಾನಕ್ಕೆ ಕೂರುತ್ತೇನೆ. ಎರಡೂ ಕಡೆಯಿಂದ ನೋಡಿದ ಮೇಲೆ ನನಗೆ ಅನ್ನಿಸಿರುವುದನ್ನು ಮೊದಲೇ ಹೇಳಿಬಿಡುತ್ತೇನೆ. ಎರಡೂ ನಡೆಯುತ್ತದೆ. ಒಂದೇ ಚಾಪೆಯ ಮೇಲೆ, ಒಂದೇ ವಿಧಾನದಲ್ಲಿ, ಎಷ್ಟೋ ಸಲ ಒಬ್ಬರೇ ಮನುಷ್ಯರಲ್ಲಿ ನಡೆಯುತ್ತದೆ. ಕೂತಿದ್ದಾಗ ಮನಸ್ಸು ಎಷ್ಟು ಶಾಂತವಾಗಿತ್ತು ಎಂಬುದರಿಂದ ಇದನ್ನು ಹೇಳಲು ಬರುವುದಿಲ್ಲ. ಆ ಯೋಚನೆ ನಿಮ್ಮಿಂದ ಏನನ್ನು ಕೇಳುತ್ತಿತ್ತು, ಎದ್ದ ಮೇಲೆ ನೀವು ಅದಕ್ಕೆ ಏನು ಮಾಡಿದಿರಿ ಎಂಬುದನ್ನು ನೋಡಬೇಕು.

ಇಬ್ಬರ ವಿಷಯ ಹೇಳುತ್ತೇನೆ. ಒಬ್ಬರು ಸಾರ್ವಜನಿಕ ವಲಯದ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಶಿಸ್ತಿನ ಮನುಷ್ಯ, ಬೆಳಗಿನ ಜಾವ ಎದ್ದು ಒಂದು ಗಂಟೆ ಧ್ಯಾನ ಮಾಡುವವರು. ರಕ್ತಪರೀಕ್ಷೆಯಲ್ಲಿ ಪ್ರಾಸ್ಟೇಟ್‌ಗೆ ಸಂಬಂಧಿಸಿದ ಅಂಕಿ ಜಾಸ್ತಿ ಬಂದಿತ್ತು. ಕ್ಯಾನ್ಸರ್ ಇದೆಯೇ ಎಂದು ತಿಳಿಯಲು ಬಯಾಪ್ಸಿ ಮಾಡಿಸಿ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ತಿಂಗಳುಗಳೇ ಕಳೆದರೂ ಮಾಡಿಸಿರಲಿಲ್ಲ. ಹೆಂಡತಿ ಅವರನ್ನು ನನ್ನ ಹತ್ತಿರ ಕರೆತಂದರು. ಗಂಡನಿಗೆ ಭಯ ಎಂದು ಕರೆತಂದದ್ದಲ್ಲ, ಭಯವೇ ಇಲ್ಲವಲ್ಲ ಎಂದು ಗಾಬರಿಯಾಗಿ ಕರೆತಂದದ್ದು. "ನನಗೇನೂ ಚಿಂತೆ ಇಲ್ಲ ಮೇಡಂ. ಬಂದರೂ ಉಸಿರಿನ ಮೇಲೆ ಗಮನ ಇಟ್ಟುಬಿಡ್ತೀನಿ, ಹೋಗಿಬಿಡುತ್ತೆ" ಎಂದರು. ಆ ಮಾತು ಸುಳ್ಳಾಗಿರಲಿಲ್ಲ. ಅವರ ಮುಖ ನಿಜವಾಗಿಯೂ ಶಾಂತವಾಗಿತ್ತು. ರಿಪೋರ್ಟು ಮಾತ್ರ ಬೀರುವಿನಲ್ಲಿ ಬಟ್ಟೆಗಳ ಅಡಿಯಲ್ಲಿತ್ತು.

ಇನ್ನೊಬ್ಬರು ಬಾಣಂತಿ, ಚೊಚ್ಚಲ ಹೆರಿಗೆ. ಮಗುವಿಗೆ ನೀರು ಹಾಕುವಾಗ ಇದ್ದಕ್ಕಿದ್ದಂತೆ ಒಂದು ಯೋಚನೆ: ಈ ಕೂಸನ್ನು ನೀರಿನಲ್ಲಿ ಮುಳುಗಿಸಿಬಿಟ್ಟರೆ? ಆಕೆಯ ಜೀವ ಹೌಹಾರಿತು. ಇಷ್ಟು ಮುದ್ದಿನ ಮಗುವಿನ ಬಗ್ಗೆ ಇಂಥ ಯೋಚನೆ ಬಂದ ತಾನು ಎಂಥ ತಾಯಿ ಎಂದು ನಡುಗಿದರು. ಯಾರಿಗೂ ಹೇಳಲಿಲ್ಲ. ಯೋಚನೆ ಬಂದಾಗಲೆಲ್ಲ ಕಣ್ಣು ಮುಚ್ಚಿ ದೇವರ ನಾಮ ಹೇಳಿಕೊಳ್ಳತೊಡಗಿದರು. ಮೊದಲು ಮೂರು ಸಲ ಹೇಳಿದರೆ ಸಾಕಾಗುತ್ತಿತ್ತು. ಆಮೇಲೆ ಹನ್ನೊಂದು, ಆಮೇಲೆ ನೂರೆಂಟು. ನಡುವೆ ತಪ್ಪಿದರೆ ಮೊದಲಿನಿಂದ ಶುರು. ಕೊನೆಗೆ ಮಗುವನ್ನು ಮುಟ್ಟುವುದನ್ನೇ ಬಿಟ್ಟು, ನೀರು ಹಾಕುವ ಕೆಲಸವನ್ನು ಅಮ್ಮನಿಗೆ ಬಿಟ್ಟುಕೊಟ್ಟರು.

ಇಬ್ಬರೂ ಮನಸ್ಸನ್ನು ಒಂದು ಕಡೆ ನಿಲ್ಲಿಸಲು ನೋಡುತ್ತಿದ್ದರು, ಇಬ್ಬರಿಗೂ ಆ ಹೊತ್ತಿಗೆ ಸಮಾಧಾನ ಸಿಗುತ್ತಿತ್ತು. ಆದರೆ ಅವರ ಯೋಚನೆಗಳು ಒಂದೇ ಜಾತಿಯವಲ್ಲ. ಹಿರಿಯರ ಯೋಚನೆ ಒಂದು ಕೆಲಸ ಕೇಳುತ್ತಿತ್ತು: ಆಸ್ಪತ್ರೆಗೆ ಹೋಗು. ಬಾಣಂತಿಯ ಯೋಚನೆ ಏನನ್ನೂ ಕೇಳುತ್ತಿರಲಿಲ್ಲ. ಅದಕ್ಕೆ ಉತ್ತರ ಕೊಡಬೇಕಿರಲಿಲ್ಲ, ಅದನ್ನು ತೊಳೆಯಬೇಕಾಗಿಯೂ ಇರಲಿಲ್ಲ. ಅದು ಬಂದಿದೆ ಎಂದು ಗೊತ್ತಿದ್ದೂ ಮಗುವಿಗೆ ನೀರು ಹಾಕಿ ಮುಗಿಸಬೇಕಿತ್ತು, ಅಷ್ಟೇ.

ಇಂಥ ಯೋಚನೆಗಳ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ಈ ಸಭೆಯಲ್ಲೂ ಅದನ್ನು ಒಳಗೇ ಇಟ್ಟುಕೊಂಡು ಕೂತವರು ಇರುತ್ತಾರೆ ಎಂದು ನನಗೆ ಗೊತ್ತು. 1978ರಲ್ಲಿ ರಾಚ್‌ಮನ್ ಮತ್ತು ಡಿ ಸಿಲ್ವಾ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಯಾವ ಕಾಯಿಲೆಯೂ ಇಲ್ಲದ ಸಾಮಾನ್ಯ ಜನರನ್ನು ಕೇಳಿ ನೋಡಿದರು. ಅವರಲ್ಲಿ ಸುಮಾರು ಶೇ. 80ರಷ್ಟು ಮಂದಿ ತಮಗೂ ಇಂಥ ಬೇಡದ ಯೋಚನೆಗಳು ಬರುತ್ತವೆ ಎಂದರು. ಯಾರನ್ನೋ ತಳ್ಳಿಬಿಟ್ಟರೆ, ದೇವರ ಮುಂದೆ ಹೊಲಸು ಮಾತು ಬಾಯಿಗೆ ಬಂದರೆ, ಹೀಗೆ. ಗೀಳು ಕಾಯಿಲೆ (ಓಸಿಡಿ) ಇರುವವರಿಗೆ ಬರುವ ಯೋಚನೆಯಲ್ಲಿ ಇರುವುದೂ ಹೆಚ್ಚುಕಮ್ಮಿ ಇದೇ. ಅವರು ಅದಕ್ಕೆ ಅರ್ಥ ಹಚ್ಚಿ, ಅದನ್ನು ಓಡಿಸಲು ಹೊರಡುತ್ತಾರೆ, ಅಲ್ಲಿಂದ ಕಾಯಿಲೆ ಬೆಳೆಯುತ್ತದೆ. ಹಾಗಾಗಿ ಈ ಕಾಯಿಲೆಯ ಚಿಕಿತ್ಸೆಯಲ್ಲಿ ನಾವು ಮಾಡಿಸುವುದು ಕೇಳಲಿಕ್ಕೆ ವಿಚಿತ್ರ ಅನ್ನಿಸಬಹುದು. ಯೋಚನೆ ಬರಲಿ, ಜಪ ಬೇಡ. ಭಯ ಏರಲಿ, ತಾನಾಗಿ ಇಳಿಯುವವರೆಗೆ ಕೈಲಿರುವ ಕೆಲಸ ಬಿಡಬೇಡಿ. ಆ ತಾಯಿಗೆ ಜಪ ಬಿಡುವುದೇ ಎದುರಿಸುವುದಾಗಿತ್ತು. ದೈವಭಕ್ತಿಯ ಮನೆಯವರಿಗೆ ಈ ಮಾತು ಹೇಳಲು ನಾನು ತುಂಬ ಹಿಂಜರಿಯುತ್ತೇನೆ, ಆದರೂ ಹೇಳಲೇಬೇಕಾಗುತ್ತದೆ. ಜಪ ಕೆಟ್ಟದ್ದಲ್ಲ. ಭಯದಿಂದ ತಪ್ಪಿಸಿಕೊಳ್ಳಲು ಅದನ್ನು ಬಳಸಿದಾಗ ಭಯ ದೊಡ್ಡದಾಗುತ್ತದೆ.

ಇದರ ಜೊತೆಗೆ ಇನ್ನೊಂದನ್ನೂ ನೆನಪಿಡಿ. ಬಾಣಂತಿಗೆ ಮಗುವಿಗೆ ಹೀಗೆ ಮಾಡು ಎಂಬ ದನಿ ಕೇಳಿಸುತ್ತಿದ್ದರೆ, ಅಥವಾ ಹಾಗೆ ಮಾಡುವುದೇ ಸರಿ ಎಂದು ಆಕೆಗೆ ಅನ್ನಿಸುತ್ತಿದ್ದರೆ ಅದು ಬೇರೆ ಸ್ಥಿತಿ. ಆಗ ಒಂದು ದಿನವೂ ತಡಮಾಡದೆ ಮನೋವೈದ್ಯರ ಹತ್ತಿರ ಹೋಗಬೇಕು. ನಮ್ಮೂರಿನ ನಿಮ್ಹಾನ್ಸ್‌ನಲ್ಲಿ ತಾಯಿ, ಮಗು ಇಬ್ಬರನ್ನೂ ಒಟ್ಟಿಗೆ ದಾಖಲು ಮಾಡಿಕೊಳ್ಳುವ ವಿಭಾಗವೇ ಇದೆ.

ಯೋಚನೆಯನ್ನು ಓಡಿಸಲು ಹೊರಟರೆ ಏನಾಗುತ್ತದೆ ಎಂಬುದಕ್ಕೆ 1987ರ ಒಂದು ಪ್ರಯೋಗ ಪ್ರಸಿದ್ಧವಾಗಿದೆ. ಅಮೆರಿಕದ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ವಿದ್ಯಾರ್ಥಿಗಳನ್ನು ಕೂರಿಸಿ, ಐದು ನಿಮಿಷ ಮನಸ್ಸಿಗೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಹೇಳಿ, ಬಿಳಿ ಕರಡಿಯ ಬಗ್ಗೆ ಮಾತ್ರ ಯೋಚಿಸಬೇಡಿ, ಯೋಚನೆ ಬಂದರೆ ಗಂಟೆ ಬಾರಿಸಿ ಎಂದರು. ಗಂಟೆ ಬಾರಿಸುತ್ತಲೇ ಇತ್ತು. ಅದಕ್ಕಿಂತ ಮುಖ್ಯವಾದದ್ದು ಆಮೇಲೆ ನಡೆಯಿತು. ಈಗ ಕರಡಿಯ ಬಗ್ಗೆ ಯೋಚಿಸಬಹುದು ಎಂದಾಗ, ಮೊದಲು ತಡೆದುಕೊಂಡಿದ್ದ ಈ ಗುಂಪಿಗೆ ಆ ಯೋಚನೆ ಮೊದಲಿನಿಂದಲೂ ಬಿಡುಬೀಸಾಗಿ ಯೋಚಿಸಿದ ಗುಂಪಿಗಿಂತ ಹೆಚ್ಚಾಗಿ ಬಂತು. "ಮನಸ್ಸು ಖಾಲಿ ಮಾಡಿ" ಎಂದು ಧ್ಯಾನ ಕಲಿಸುವವರು ಇದನ್ನು ದಯವಿಟ್ಟು ಗಮನಿಸಬೇಕು. ಖಾಲಿ ಮಾಡಲು ಹೊರಟವರು ಕೂತಷ್ಟು ಹೊತ್ತೂ ಕಾವಲು ಕಾಯುತ್ತಾರೆ.

ಹಾಗಾದರೆ ಸುಮ್ಮನೆ ಯೋಚನೆಗಳ ಜೊತೆ ಇರುವುದು ಅಷ್ಟು ಕಷ್ಟವೇ? ಹೌದು, ನಾವು ಅಂದುಕೊಂಡದ್ದಕ್ಕಿಂತ ಕಷ್ಟ. 2014ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಜನರನ್ನು ಹದಿನೈದು ನಿಮಿಷ ಖಾಲಿ ಕೋಣೆಯಲ್ಲಿ ಕೂರಿಸಿದರು. ಫೋನಿಲ್ಲ, ಪುಸ್ತಕವಿಲ್ಲ. ಒಂದು ಗುಂಡಿ ಮಾತ್ರ ಇತ್ತು, ಒತ್ತಿದರೆ ತಮಗೇ ಸಣ್ಣ ಕರೆಂಟ್ ಶಾಕ್. ಆ ಶಾಕ್ ಎಷ್ಟು ಅಹಿತ ಎಂದು ಮೊದಲೇ ಅನುಭವಿಸಿ, ದುಡ್ಡು ಕೊಟ್ಟಾದರೂ ಇದನ್ನು ತಪ್ಪಿಸಿಕೊಳ್ಳುತ್ತೇವೆ ಎಂದಿದ್ದವರೇ ಇವರು. ಆದರೂ 18 ಗಂಡಸರಲ್ಲಿ 12 ಮಂದಿ, 24 ಹೆಂಗಸರಲ್ಲಿ 6 ಮಂದಿ ಗುಂಡಿ ಒತ್ತಿದರು. ನಾವು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕೆಂಪು ದೀಪ ಕಂಡ ತಕ್ಷಣ ಮೊಬೈಲ್ ತೆಗೆಯುತ್ತೇವಲ್ಲ, ಅದನ್ನು ನೋಡಿದರೆ ನನಗೆ ಆ ಗುಂಡಿ ನೆನಪಾಗುತ್ತದೆ. ಆದ್ದರಿಂದ ಧ್ಯಾನಕ್ಕೆ ಕೂತವರನ್ನು "ಇವರು ಸಂಸಾರದಿಂದ ಓಡಿಹೋಗುವವರು" ಎನ್ನುವುದು ನ್ಯಾಯವಲ್ಲ. ಕಣ್ಣು ಮುಚ್ಚಿ ತನ್ನ ಜೊತೆ ತಾನೇ ಅರ್ಧ ಗಂಟೆ ಇರುವವರು, ಉಳಿದ ನಾವೆಲ್ಲ ದಿನವಿಡೀ ತಪ್ಪಿಸಿಕೊಳ್ಳುವ ಒಂದು ಕೆಲಸವನ್ನು ಮಾಡುತ್ತಿದ್ದಾರೆ.

ಇನ್ನು ಕೆಲವರು ಹೇಳುತ್ತಾರೆ: "ನಾನು ತಪ್ಪಿಸಿಕೊಳ್ಳೋದಿಲ್ಲ, ರಾತ್ರಿಯೆಲ್ಲ ಅದನ್ನೇ ಯೋಚಿಸ್ತೀನಿ." ಆದರೆ ಕೊರಗುವುದು ಎದುರಿಸುವುದಲ್ಲ. ಥಾಮಸ್ ಬೊರ್ಕೊವೆಕ್ ಎಂಬ ಮನಶ್ಶಾಸ್ತ್ರಜ್ಞ ಚಿಂತೆಯ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿ ಒಂದು ವಿಚಾರ ಮುಂದಿಟ್ಟ. ಚಿಂತೆ ಬಹುಪಾಲು ಮಾತಿನಲ್ಲಿ ನಡೆಯುತ್ತದೆ. ಹೀಗಾದರೆ, ಹಾಗಾದರೆ ಎಂದು ತಲೆಯೊಳಗೆ ಮಾತು ಹರಿಯುತ್ತಿರುವಷ್ಟು ಹೊತ್ತು, ಭಯದ ನಿಜವಾದ ಚಿತ್ರ ಕಣ್ಣೆದುರು ನಿಲ್ಲುವುದಿಲ್ಲ, ಎದೆ ಹೊಡೆದುಕೊಳ್ಳುವುದು ಅಷ್ಟಾಗಿ ಗೊತ್ತಾಗುವುದಿಲ್ಲ. ಅಂದರೆ ಚಿಂತೆಯೂ ಒಂದು ಬಗೆಯ ತಪ್ಪಿಸಿಕೊಳ್ಳುವಿಕೆ. ಮ್ಯಾನೇಜರ್ ಕಳಿಸಿದ ಎರಡು ಸಾಲಿನ ಮೇಲ್ ಬಗ್ಗೆ ಹೊರವರ್ತುಲ ರಸ್ತೆಯ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ತಲೆಯಲ್ಲೇ ವಾದ ಮಾಡಿದವರು, ಕೆಲಸ ಹೋಗಿಬಿಟ್ಟರೆ ಎಂಬ ಭಯವನ್ನು ಒಂದು ಕ್ಷಣವೂ ನೇರವಾಗಿ ನೋಡಿರುವುದಿಲ್ಲ.

ಒಳ್ಳೆಯ ಧ್ಯಾನದ ಬೆಲೆ ನನಗೆ ಕಾಣುವುದು ಇಲ್ಲಿ. ಅದು ತಲೆಯ ಮಾತಿನಿಂದ ಮೈಗೆ ಕರೆದುಕೊಂಡು ಬರುತ್ತದೆ. ಗಂಟಲು ಕಟ್ಟಿದೆ, ಹೊಟ್ಟೆ ಹಿಂಡುತ್ತಿದೆ, ಇದು ಭಯ. ಅಷ್ಟು ಗೊತ್ತಾದರೆ ಭಯದ ಎದುರು ಕೂತಂತೆಯೇ.

ಸ್ವಲ್ಪ ದಾರಿ ಬಿಟ್ಟು ಹಳೆಯ ಮಾತಿಗೆ ಹೋಗುತ್ತೇನೆ. ಗಾಂಧಿನಗರದಲ್ಲಿ 1956ರಲ್ಲಿ ಆಚಾರ್ಯ ಬುದ್ಧರಕ್ಖಿತರು ಕಟ್ಟಿದ ಬೌದ್ಧ ಕೇಂದ್ರ ಮಹಾಬೋಧಿ ಸೊಸೈಟಿ ನಿಮ್ಮಲ್ಲಿ ಹಲವರಿಗೆ ಗೊತ್ತು. ಮೆಜೆಸ್ಟಿಕ್ಕಿನ ಗದ್ದಲದ ಪಕ್ಕದಲ್ಲೇ ಅಷ್ಟು ನಿಶ್ಶಬ್ದವಾದ ಒಂದು ಅಂಗಳ. ಅಲ್ಲಿ ಓದುವ ಪಾಲಿ ಸುತ್ತಗಳಲ್ಲಿ, ಅಂದರೆ ಬುದ್ಧನ ಉಪದೇಶಗಳಲ್ಲಿ, ಮಜ್ಝಿಮ ನಿಕಾಯ ಎಂಬ ಸಂಗ್ರಹದ ಇಪ್ಪತ್ತನೆಯದು ವಿತಕ್ಕಸಂಠಾನ ಸುತ್ತ. ಕೆಟ್ಟ ಯೋಚನೆ ಬಂದರೆ ಭಿಕ್ಷು ಏನು ಮಾಡಬೇಕು ಎಂಬುದೇ ಅದರ ವಿಷಯ. ಐದು ಉಪಾಯ ಹೇಳುತ್ತದೆ. ಬಡಗಿ ಸಣ್ಣ ಗೂಟದಿಂದ ದೊಡ್ಡ ಗೂಟವನ್ನು ಹೊಡೆದು ಹೊರಹಾಕುವ ಹಾಗೆ ಕೆಟ್ಟ ಯೋಚನೆಯ ಜಾಗಕ್ಕೆ ಒಳ್ಳೆಯದನ್ನು ತರುವುದು ಮೊದಲನೆಯದು. ಅದಕ್ಕೆ ಬಗ್ಗದಿದ್ದರೆ ಆ ಯೋಚನೆಯಿಂದ ಆಗುವ ಕೇಡನ್ನು ಪರಿಶೀಲಿಸುವುದು. ಆಗಲೂ ಹೋಗದಿದ್ದರೆ ಮೂರನೆಯದು, ಕೇಳಿ: ನೋಡಬೇಡದ್ದು ಎದುರಿಗೆ ಬಂದಾಗ ಕಣ್ಣಿರುವವನು ಕಣ್ಣು ಮುಚ್ಚುವ ಹಾಗೆ, ಅದರ ಕಡೆ ಗಮನ ಕೊಡದೆ ಮರೆತುಬಿಡುವುದು. ಆಮೇಲೆ ಯೋಚನೆ ಹುಟ್ಟುವ ರಭಸವನ್ನು ಮೆಲ್ಲಗೆ ಇಳಿಸುವುದು. ಯಾವುದೂ ನಡೆಯದಿದ್ದರೆ ಹಲ್ಲು ಕಚ್ಚಿ ಮನಸ್ಸಿನಿಂದಲೇ ಮನಸ್ಸನ್ನು ಅದುಮುವುದು.

ಅಂದರೆ ಕಣ್ಣು ಮುಚ್ಚಿಕೊಳ್ಳುವುದೂ ಒಂದು ಅಧಿಕೃತ ಉಪಾಯ! ಹಲ್ಲು ಕಚ್ಚುವುದೂ ಇದೆ, ಆದರೆ ಕಟ್ಟಕಡೆಗೆ. ಪತಂಜಲಿಯ ಯೋಗಸೂತ್ರದಲ್ಲೂ ಕೆಡುಕಿನ ಯೋಚನೆ ಕಾಡಿದರೆ ಅದರ ವಿರುದ್ಧ ಭಾವನೆಯನ್ನು ತಂದುಕೋ ಎಂಬ ಸಲಹೆ ಎರಡನೆಯ ಪಾದದಲ್ಲಿ ಬರುತ್ತದೆ. ಅದೇ ಮಜ್ಝಿಮ ನಿಕಾಯದ ನಾಲ್ಕನೆಯ ಸುತ್ತಕ್ಕೆ ಬನ್ನಿ, ಭಯಭೇರವ ಸುತ್ತ. ಬುದ್ಧನಾಗುವುದಕ್ಕೆ ಮುಂಚೆ ತಾನು ಬೇಕೆಂದೇ ರಾತ್ರಿ ಹೊತ್ತು ಭಯಂಕರವಾದ ಕಾಡಿನ ಗುಡಿಗಳಲ್ಲಿ ಉಳಿದದ್ದನ್ನು ಬುದ್ಧ ಹೇಳುತ್ತಾನೆ. ಜಿಂಕೆ ಸುಳಿದರೂ ನವಿಲು ಕಡ್ಡಿ ಮುರಿದರೂ ಎದೆ ನಡುಗುತ್ತದೆ. ಆಗ ಅವನ ನಿರ್ಧಾರ ಇದು. ನಡೆಯುತ್ತಿರುವಾಗ ಭಯ ಬಂದರೆ ನಡೆಯುತ್ತಲೇ ಅದನ್ನು ದಾಟುತ್ತೇನೆ, ಅಲ್ಲಿಯವರೆಗೆ ನಿಲ್ಲುವುದಿಲ್ಲ, ಕೂರುವುದಿಲ್ಲ, ಮಲಗುವುದಿಲ್ಲ. ನಾವು ಇವತ್ತು ಗೀಳಿಗೆ, ಭಯದ ಕಾಯಿಲೆಗೆ ಕೊಡುವ ಚಿಕಿತ್ಸೆಯ ಸಾರ ಇದೇ ಎಂದು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಒಂದೇ ಪರಂಪರೆ ಎರಡನ್ನೂ ಇಟ್ಟುಕೊಂಡಿದೆ. ಯಾವ ಯೋಚನೆಗೆ ಯಾವುದು ಎಂದು ಗುರುತಿಸುವ ಕೆಲಸವನ್ನು ಕೂರುವವರಿಗೆ, ಕಲಿಸುವವರಿಗೆ ಬಿಟ್ಟಿದೆ. ನಮ್ಮ ಇವತ್ತಿನ ಧ್ಯಾನದ ಆ್ಯಪ್‌ಗಳು ಬಿಟ್ಟುಬಿಟ್ಟಿರುವುದು ಆ ಗುರುತಿಸುವ ಕೆಲಸವನ್ನೇ.

ತುಮಕೂರು ರಸ್ತೆ ಕಡೆಯ ಆಲೂರಿನಲ್ಲಿರುವ ವಿಪಶ್ಯನ ಕೇಂದ್ರಕ್ಕೆ ಹತ್ತು ದಿನದ ಶಿಬಿರಕ್ಕೆ ಹೋಗಿ ಬಂದವರು ನಿಮ್ಮಲ್ಲಿ ಇದ್ದಾರೆ. ಆ ವಿಧಾನವನ್ನು 1969ರಲ್ಲಿ ಬರ್ಮಾದಿಂದ ಭಾರತಕ್ಕೆ ತಂದವರು ಸತ್ಯನಾರಾಯಣ ಗೋಯೆಂಕಾ. ಮಂಡಾಲೆಯಲ್ಲಿ ಹುಟ್ಟಿದ ವ್ಯಾಪಾರಿ, ಮೈಗ್ರೇನ್ ತಲೆನೋವಿನಿಂದ ನರಳುತ್ತಿದ್ದವರು, ಮಾರ್ಫೀನ್ ಚುಚ್ಚುಮದ್ದಿನವರೆಗೆ ಹೋಗಿದ್ದವರು. ತಲೆನೋವು ಹೋಗಲಿ ಎಂದು ಸಯಾಜಿ ಊ ಬಾ ಖಿನ್ ಅವರ ಹತ್ತಿರ ಹೋದಾಗ, ಬರೀ ಕಾಯಿಲೆ ವಾಸಿಮಾಡಿಕೊಳ್ಳಲು ಬಂದಿದ್ದರೆ ಕಲಿಸುವುದಿಲ್ಲ ಎಂದು ಆ ಗುರು ಹೇಳಿದ್ದನ್ನು ಗೋಯೆಂಕಾ ತಾವೇ ಎಷ್ಟೋ ಸಲ ನೆನೆದಿದ್ದಾರೆ. ಉಪಶಮನಕ್ಕೆಂದು ಬಂದವನನ್ನು ಬಾಗಿಲಲ್ಲೇ ತಡೆದು, ಯಾಕೆ ಬಂದೆ ಎಂದು ಕೇಳುವ ಗುರು ಇವತ್ತು ಅಪರೂಪ.

ಶಿಬಿರದಲ್ಲಿ ನಡೆಯುವುದನ್ನು ನೋಡಿ. ಬೆಳಗಿನ ನಾಲ್ಕಕ್ಕೆ ಗಂಟೆ. ಮಾತಿಲ್ಲ, ಫೋನಿಲ್ಲ, ಓದು ಬರಹ ಇಲ್ಲ. ಮೊದಲ ಮೂರು ದಿನ ಮೂಗಿನ ಹತ್ತಿರದ ಉಸಿರು ಮಾತ್ರ. ನಾಲ್ಕನೆಯ ದಿನದಿಂದ ತಲೆಯಿಂದ ಕಾಲಿನವರೆಗೆ ಮೈಯ ಸಂವೇದನೆ. ಆಮೇಲೆ ಒಂದು ಗಂಟೆ ಅಲುಗದೆ ಕೂರುವ ಅಧಿಷ್ಠಾನ. ಮಂಡಿ ನೋವು ಉರಿದು ಬರುತ್ತದೆ, ಅದರ ಹಿಂದೆಯೇ ಎಂದೋ ಸತ್ತುಹೋದ ಅಪ್ಪನ ಮೇಲಿನ ಸಿಟ್ಟು ಬರುತ್ತದೆ. ಎರಡನ್ನೂ ದೂಡದೆ, ಅಪ್ಪಿಕೊಳ್ಳದೆ ನೋಡು ಎನ್ನುತ್ತಾರೆ. ಇದು ತಪ್ಪಿಸಿಕೊಳ್ಳುವುದು ಎಂದು ಯಾರೂ ಹೇಳಲಾರರು. ಆದರೂ ಅಲ್ಲಿಂದ ಬಂದ ಕೆಲವರನ್ನು ಕೇಳಿದರೆ ಮೈಯೆಲ್ಲ ಹಗುರವಾಗಿ ಹರಿದ ಒಂದು ಸುಖದ ಅನುಭವದ ಬಗ್ಗೆಯೇ ಹೇಳುತ್ತಾರೆ. ಅದು ಮತ್ತೆ ಬೇಕೆಂದು ಮತ್ತೆ ಮತ್ತೆ ಹೋಗುತ್ತಾರೆ. ಅದನ್ನು ಅರಸಬೇಡಿ ಎಂದು ಶಿಬಿರದಲ್ಲೇ ಹೇಳಿರುತ್ತಾರೆ. ಆದರೆ ಮನೆಯಲ್ಲಿ ಮಗಳ ಜೊತೆ ಮಾತು ಬಿಟ್ಟವರಿಗೆ ಹತ್ತು ದಿನ ಯಾರ ಜೊತೆಯೂ ಮಾತಾಡಬೇಕಾಗಿಲ್ಲ ಎಂಬುದೇ ದೊಡ್ಡ ನೆಮ್ಮದಿ ಆಗಿಬಿಡಬಹುದು.

ಸಂಶೋಧನೆ ಏನನ್ನುತ್ತದೆ ಎಂದು ಕೇಳುವವರಿಗಾಗಿ ಎರಡು ಉದಾಹರಣೆ. 2000ದಲ್ಲಿ ಟೀಸ್‌ಡೇಲ್, ಸೀಗಲ್, ವಿಲಿಯಮ್ಸ್ ಮತ್ತು ಜೊತೆಗಾರರು ಖಿನ್ನತೆಯಿಂದ ಚೇತರಿಸಿಕೊಂಡಿದ್ದ 145 ಜನರ ಅಧ್ಯಯನ ಪ್ರಕಟಿಸಿದರು. ಮೂರು ಅಥವಾ ಹೆಚ್ಚು ಸಲ ಖಿನ್ನತೆ ಬಂದುಹೋದವರಲ್ಲಿ, ಮಾಮೂಲಿ ಚಿಕಿತ್ಸೆಯಲ್ಲಿದ್ದವರ ಪೈಕಿ ಶೇ. 66 ಮಂದಿಗೆ ಅದು ಮರಳಿತು. ಎಂಟು ವಾರಗಳ ಅರಿವಿನ ಧ್ಯಾನದ ತರಬೇತಿ ಪಡೆದವರಲ್ಲಿ ಶೇ. 37 ಮಂದಿಗೆ. ಎರಡೇ ಸಲ ಬಂದವರಿಗೆ ಆ ಲಾಭ ಕಾಣಲಿಲ್ಲ. ಪದೇಪದೇ ಬಿದ್ದವರಿಗೆ ಒಂದು ಸಣ್ಣ ಬೇಸರವೂ ಹಳೆಯ ಯೋಚನೆಗಳ ಸರಪಳಿಯನ್ನು ಎಳೆದು ತರುತ್ತದೆ: ನಾನು ಕೆಲಸಕ್ಕೆ ಬಾರದವಳು, ಇದು ಯಾವತ್ತೂ ಹೋಗುವುದಿಲ್ಲ. ಆ ಯೋಚನೆ ಬಂದಾಗ, ಇದು ಯೋಚನೆ, ನನ್ನ ಬಗೆಗಿನ ತೀರ್ಪಲ್ಲ ಎಂದು ಗುರುತಿಸುವುದನ್ನು ಈ ತರಬೇತಿ ಕಲಿಸುತ್ತದೆ. ಅದೇ ವರ್ಷ ನಿಮ್ಹಾನ್ಸ್‌ನ ವೈದ್ಯರು ತೀವ್ರ ಖಿನ್ನತೆಯಿಂದ ಆಸ್ಪತ್ರೆ ಸೇರಿದ್ದ 45 ಜನರಲ್ಲಿ ಸುದರ್ಶನ ಕ್ರಿಯೆ ಎಂಬ ಉಸಿರಾಟದ ಅಭ್ಯಾಸ, ಖಿನ್ನತೆಗೆ ಕೊಡುವ ಇಮಿಪ್ರಮಿನ್ ಮಾತ್ರೆ ಮತ್ತು ವಿದ್ಯುತ್ ಚಿಕಿತ್ಸೆಯನ್ನು ಹೋಲಿಸಿದರು. ವಿದ್ಯುತ್ ಚಿಕಿತ್ಸೆಯ ಫಲ ಎಲ್ಲಕ್ಕಿಂತ ಚೆನ್ನಾಗಿತ್ತು. ಕ್ರಿಯೆಯ ಫಲ ಮಾತ್ರೆಯ ಫಲಕ್ಕೆ ಹತ್ತಿರವಿತ್ತು. ಸಣ್ಣ ಅಧ್ಯಯನವಾದರೂ ಗೌರವಿಸಬೇಕಾದದ್ದು. ಆದರೆ ಮನಸ್ಸು ಹಗುರಾಯಿತೇ ಎಂಬುದು ಒಂದು ಪ್ರಶ್ನೆ, ಕಷ್ಟದ ಯೋಚನೆಯನ್ನು ಎದುರಿಸಿದರೇ ಎಂಬುದು ಬೇರೆ ಪ್ರಶ್ನೆ. ಎರಡನ್ನೂ ಒಂದೇ ಎಂದು ಎಣಿಸಬೇಡಿ.

ನನ್ನನ್ನು ಹೆಚ್ಚು ಕಾಡುವ ಅಧ್ಯಯನ 2022ರದು. ಹಾಫೆನ್‌ಬ್ರಾಕ್ ಎಂಬ ಸಂಶೋಧಕ ಮತ್ತು ಸಂಗಡಿಗರು ಎಂಟು ಪ್ರಯೋಗಗಳಲ್ಲಿ 1400ಕ್ಕೂ ಹೆಚ್ಚು ಜನರನ್ನು ನೋಡಿದರು. ತಾವು ಯಾರಿಗೋ ಮಾಡಿದ ಅನ್ಯಾಯವನ್ನು ನೆನೆಸಿಕೊಂಡವರು ಸ್ವಲ್ಪ ಹೊತ್ತು ಉಸಿರಿನ ಧ್ಯಾನ ಮಾಡಿದರೆ ತಪ್ಪಿತಸ್ಥ ಭಾವ ಕಡಿಮೆಯಾಗುತ್ತಿತ್ತು. ಅದರ ಜೊತೆಗೆ, ಆದದ್ದನ್ನು ಸರಿಪಡಿಸುವ ಮನಸ್ಸೂ ಕಡಿಮೆಯಾಗುತ್ತಿತ್ತು.

ಇದನ್ನು ಓದುವಾಗ ನನಗೆ ಒಬ್ಬರ ನೆನಪು ಬಂತು. ದೇವನಹಳ್ಳಿ ಕಡೆಯ ಜಮೀನು. ಅಪ್ಪ ತೀರಿಕೊಂಡ ಮೇಲೆ ಅಣ್ಣ ತಂಗಿಯಿಂದ ಹಕ್ಕು ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕಿಸಿಕೊಂಡಿದ್ದರು. ವಿಮಾನ ನಿಲ್ದಾಣದ ದೆಸೆಯಿಂದ ಆ ನೆಲಕ್ಕೆ ಎಂಥ ಬೆಲೆ ಬಂದಿದೆ ಎಂದು ಅವರಿಗೆ ಗೊತ್ತಿತ್ತು, ತಂಗಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಆಕೆ ಜಗಳವಾಡಲಿಲ್ಲ. ಗೌರಿ ಹಬ್ಬಕ್ಕೆ ತವರಿನಿಂದ ಹೋದ ಬಾಗಿನವನ್ನು ವಾಪಸು ಕಳಿಸಿದರು. ಅಣ್ಣನಿಗೆ ನಿದ್ದೆ ಹೋಯಿತು. ಯಾರೋ ಧ್ಯಾನ ಕಲಿಸಿದರು, ನಿದ್ದೆ ಮರಳಿತು. "ನಂದು ನಿಂದು ಅನ್ನೋದೆಲ್ಲ ಮಾಯೆ ಮೇಡಂ, ಈಗ ಅದು ನನ್ನನ್ನು ಮುಟ್ಟೋದಿಲ್ಲ" ಎಂದು ನನ್ನೆದುರು ಕೂತು ಹೇಳಿದರು. ಜಮೀನು ಅವರ ಹೆಸರಿನಲ್ಲೇ ಇತ್ತು.

ನಿದ್ದೆಗೆಡಿಸಿದ ಆ ಯೋಚನೆಗೆ ಒಂದು ಕೆಲಸವಿತ್ತು. ತಂಗಿಗೆ ಆದ ಅನ್ಯಾಯವನ್ನು ಈ ಮನೆಯಲ್ಲಿ ನೆನಪಿಟ್ಟುಕೊಂಡಿದ್ದದ್ದು ಅದೊಂದೇ. ಅದನ್ನೂ ಮಲಗಿಸಿಬಿಟ್ಟರೆ ಆಕೆಯ ಪರವಾಗಿ ಮಾತಾಡುವವರು ಯಾರೂ ಉಳಿಯುವುದಿಲ್ಲ. ಜಾನ್ ವೆಲ್‌ವುಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ, ತಾನೇ ಬೌದ್ಧ ಸಾಧಕ, ಇಂಥದ್ದನ್ನು 1980ರ ದಶಕದಲ್ಲೇ ಹೆಸರಿಟ್ಟು ಗುರುತಿಸಿದ. ಮನಸ್ಸಿನ ಗಾಯಗಳನ್ನು, ಮುಗಿಯದ ಲೆಕ್ಕಗಳನ್ನು ಮುಟ್ಟದೆ ಅಧ್ಯಾತ್ಮದ ಹೆಸರಿನಲ್ಲಿ ಬಳಸುದಾರಿ ಹಿಡಿಯುವುದು. ನಮ್ಮಲ್ಲಿ ಇದಕ್ಕೆ ಪದಗಳು ಧಾರಾಳ: ಕರ್ಮ, ಋಣ, ಮಾಯೆ, ಅವನ ಇಚ್ಛೆ. ಆಳವಾದ ಪದಗಳಿವು. ಅವುಗಳ ಹಿಂದೆ ಅಡಗಿ ಕೂರುವುದು ನನಗೆ ನೋವು ಕೊಡುತ್ತದೆ.

ಅದೇ ಅಧ್ಯಯನದಲ್ಲಿ ಇನ್ನೊಂದು ಅಂಶವಿದೆ. ಉಸಿರಿನ ಬದಲು ಮೈತ್ರಿ ಧ್ಯಾನ ಮಾಡಿದವರಲ್ಲಿ, ಅಂದರೆ ಇನ್ನೊಬ್ಬರ ಒಳಿತನ್ನು ಮನಸ್ಸಿಗೆ ತಂದುಕೊಂಡವರಲ್ಲಿ, ಸರಿಪಡಿಸುವ ಮನಸ್ಸು ಹೆಚ್ಚಿತ್ತು. ಹಾಗಾಗಿ ಆ ಅಣ್ಣನಿಗೆ ಧ್ಯಾನ ಬಿಡಿ ಎಂದು ನಾನು ಹೇಳಲಿಲ್ಲ. ಕೂತಾಗ ತಂಗಿಯ ಮುಖವನ್ನು ನೆನೆಯಿರಿ, ಆಕೆ ಸುಖವಾಗಿರಲಿ ಎಂದುಕೊಳ್ಳಿ, ಅಷ್ಟು ಮಾಡಿ ಎಂದೆ. ಕೆಲವು ವಾರ ಅವರು ಬರಲಿಲ್ಲ. ಬಂದಾಗ ತುಂಬ ಸಿಟ್ಟಿನಲ್ಲಿದ್ದರು. "ಮೊದಲು ಚೆನ್ನಾಗಿದ್ದೆ, ನೀವು ಹೇಳಿದ ಮೇಲೆ ಕೂರೋಕೇ ಆಗ್ತಿಲ್ಲ" ಎಂದರು. ಆಮೇಲೆ ಅಣ್ಣ ತಂಗಿ ಒಂದು ಸಲ ಕೂತು ಮಾತಾಡಿದ್ದಾರೆ. ಕಾಗದಪತ್ರದ ವಿಚಾರ ಇನ್ನೂ ಇತ್ಯರ್ಥವಾಗಿಲ್ಲ.

ಎದುರಿಸಿದಾಗ ಮೊದಲು ಕಷ್ಟವೇ ಹೆಚ್ಚಾಗುತ್ತದೆ ಎಂಬುದು ಹೊಸ ಮಾತಲ್ಲ. 1986ರಲ್ಲಿ ಪೆನ್ನೆಬೇಕರ್ ಮತ್ತು ಬೀಲ್, ವಿದ್ಯಾರ್ಥಿಗಳಿಂದ ಅವರ ಬದುಕಿನ ಅತಿ ನೋವಿನ ಘಟನೆಯನ್ನು ಸತತ ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ ಬರೆಸಿದರು. ಬರೆದ ತಕ್ಷಣ ಅವರ ಮನಸ್ಸು ಕುಗ್ಗಿತ್ತು. ಮುಂದಿನ ತಿಂಗಳುಗಳಲ್ಲಿ, ನಡೆದದ್ದನ್ನೂ ಅದರ ನೋವನ್ನೂ ಸೇರಿಸಿ ಬರೆದವರು ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಧ್ಯಾನದ ನಂತರ ಪ್ರತಿ ಸಲವೂ ಹಾಯೆನಿಸಿದರೆ ನಾನು ಸ್ವಲ್ಪ ಅನುಮಾನದಿಂದ ನೋಡುವುದು ಇದಕ್ಕೇ.

ಹಾಗೆಂದು ತಪ್ಪಿಸಿಕೊಳ್ಳುವುದು ಪಾಪ ಎಂದು ನಾನು ಹೇಳುತ್ತಿಲ್ಲ. ಅಪ್ಪ ಐಸಿಯುನಲ್ಲಿದ್ದಾರೆ, ನೀವು ಜಯದೇವ ಆಸ್ಪತ್ರೆಯ ಕಾರಿಡಾರಿನಲ್ಲಿ ರಾತ್ರಿ ಎರಡು ಗಂಟೆಗೆ ಕೂತಿದ್ದೀರಿ. ಆಗ ಸಾವನ್ನು ಎದುರಿಸಿ ಎಂದು ಯಾರಾದರೂ ಹೇಳಿದರೆ ಅದು ಕ್ರೌರ್ಯ. ಉಸಿರು ಎಣಿಸಿ, ಒಂದು ಗಂಟೆ ನಿದ್ದೆ ಬಂದರೆ ಬರಲಿ. ದೊಡ್ಡ ಆಘಾತ ಆದ ಕೂಡಲೇ ಜನರನ್ನು ಕೂರಿಸಿ ಎಲ್ಲವನ್ನೂ ಒಂದೇ ಸಲ ಹೇಳಿಸುವ ಪದ್ಧತಿ ಒಂದು ಕಾಲಕ್ಕೆ ಹಲವು ದೇಶಗಳಲ್ಲಿ ಜೋರಾಗಿ ನಡೆಯಿತು. ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಅದರಿಂದ ಮುಂದಿನ ತೊಂದರೆ ತಪ್ಪಲಿಲ್ಲ, ಕೆಲವರಿಗೆ ಹೆಚ್ಚಾಗಿರಬಹುದು ಎಂದು ಕಂಡಿತು. ಎದುರಿಸುವುದಕ್ಕೂ ಒಂದು ಹೊತ್ತು ಬರಬೇಕು, ಪಕ್ಕದಲ್ಲಿ ಒಬ್ಬರು ಇರಬೇಕು.

ನನ್ನ ಬಳಿ ಬರುವ ಧ್ಯಾನಿಗಳನ್ನು ನಾನು ಕೇಳುವುದು ಸಾಮಾನ್ಯ ಪ್ರಶ್ನೆಗಳನ್ನೇ. ಧ್ಯಾನ ಶುರು ಮಾಡಿದ ಮೇಲೆ ಯಾರ ಫೋನ್ ಎತ್ತುವುದನ್ನು ಬಿಟ್ಟಿರಿ? ತೆರೆಯದ ಲಕೋಟೆ, ಕಟ್ಟದ ಸಾಲ, ನೋಡದ ರಿಪೋರ್ಟು ಮನೆಯಲ್ಲಿ ಇದೆಯೇ? ಕೂತಾಗ ಬರುವ ಆ ಯೋಚನೆಯನ್ನು ಹೆಂಡತಿಗೋ ಗಂಡನಿಗೋ ಗೆಳತಿಗೋ ಒಂದು ವಾಕ್ಯದಲ್ಲಿ ಹೇಳಬಲ್ಲಿರಾ? ನಿವೃತ್ತರಾದ ಆ ಹಿರಿಯರು ಈ ಮೂರನೆಯ ಪ್ರಶ್ನೆಗೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೆಂಡತಿಯ ಕಡೆ ತಿರುಗಿ, "ನಿನ್ನನ್ನ ಒಬ್ಬಳನ್ನೇ ಬಿಟ್ಟು ಹೋಗಬೇಕಾಗುತ್ತೇನೋ ಅಂತ" ಎಂದರು. ಬಯಾಪ್ಸಿ ಆ ವಾರವೇ ಆಯಿತು. ಪರೀಕ್ಷೆಗೆ ಹೋಗುವ ಬೆಳಿಗ್ಗೆಯೂ ಅವರು ಧ್ಯಾನಕ್ಕೆ ಕೂತಿದ್ದರಂತೆ. ಅವತ್ತು ಅದು ಅವರಿಗೆ ಆಸ್ಪತ್ರೆಯ ಮೆಟ್ಟಿಲು ಹತ್ತಲು ಬಲ ಕೊಟ್ಟಿತು. ಅದೇ ಉಸಿರು, ಅದೇ ಒಂದು ಗಂಟೆ.

ಕೊನೆಯ ವಿಷಯ, ಯಾರು ಕೂರಬಾರದು ಎಂಬುದು. ಧ್ಯಾನದಿಂದ ಯಾರಿಗೂ ಕೆಡುಕಿಲ್ಲ ಎಂಬ ಮಾತು ನಿಜವಲ್ಲ. 2020ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ 83 ಅಧ್ಯಯನಗಳನ್ನು ಒಟ್ಟುಗೂಡಿಸಿ, ಸುಮಾರು ಶೇ. 8ರಷ್ಟು ಮಂದಿಯಲ್ಲಿ ಆತಂಕ, ಖಿನ್ನತೆಯಂಥ ತೊಂದರೆಗಳು ಕಂಡಿವೆ ಎಂದಿತು. ಬ್ರೌನ್ ವಿಶ್ವವಿದ್ಯಾಲಯದ ತಂಡವೊಂದು 2017ರಲ್ಲಿ ಧ್ಯಾನಿಗಳನ್ನೂ ಗುರುಗಳನ್ನೂ ಮಾತಾಡಿಸಿ 59 ಬಗೆಯ ಅನುಭವಗಳನ್ನು ದಾಖಲಿಸಿತು. ಅವುಗಳಲ್ಲಿ ನಿದ್ದೆಗೇಡು, ವಿಪರೀತ ಭಯ, ಹಳೆಯ ಆಘಾತ ಮರುಕಳಿಸುವುದು, ತಾನೇ ಇಲ್ಲವಾದಂತೆ ಅನ್ನಿಸುವುದು ಎಲ್ಲ ಇದ್ದವು. ಚಿಕ್ಕಂದಿನಲ್ಲಿ ದೌರ್ಜನ್ಯ ಅನುಭವಿಸಿದವರಿಗೆ ಕಣ್ಣು ಮುಚ್ಚಿ ಮೈಯನ್ನು ಗಮನಿಸುವುದೇ ನೋವಿನ ಜಾಗಕ್ಕೆ ಮತ್ತೆ ತಳ್ಳಿದಂತಾಗಬಹುದು. ಅವರು ಕಣ್ಣು ತೆರೆದೇ ಇರಲಿ. ಲಾಲ್‌ಬಾಗಿನಲ್ಲಿ ನಡೆಯುತ್ತ ಅಂಗಾಲು ನೆಲ ಮುಟ್ಟುವುದನ್ನು ಗಮನಿಸಿದರೂ ಅಭ್ಯಾಸವೇ. ಕಷ್ಟ ಅನ್ನಿಸಿದರೆ ನಿಲ್ಲಿಸುವುದು ಸೋಲಲ್ಲ.

ಇಲ್ಲಿ ಮುಂದಿನ ಸಾಲಿನಿಂದ ಒಬ್ಬರು ಚೀಟಿ ಕಳಿಸಿದ್ದಾರೆ: "ನನ್ನ ತಮ್ಮ ಬೈಪೋಲಾರ್‌ಗೆ ಮಾತ್ರೆ ತಗೊಳ್ತಾನೆ. ಶಿಬಿರಕ್ಕೆ ಸೇರಬೇಕು, ಅಲ್ಲಿ ಮಾತ್ರೆ ಬೇಡ ಅಂತಾನೆ. ಏನು ಮಾಡೋದು?" ಬೈಪೋಲಾರ್ ಎಂದರೆ ಮನಸ್ಸು ಒಮ್ಮೆ ಅತಿಯಾಗಿ ಉಬ್ಬುವ, ಒಮ್ಮೆ ಅತಿಯಾಗಿ ಕುಗ್ಗುವ ಕಾಯಿಲೆ. ಮಾತ್ರೆ ನಿಲ್ಲಿಸಬಾರದು. ಶಿಬಿರದ ಅರ್ಜಿಯಲ್ಲಿ ಮಾನಸಿಕ ಕಾಯಿಲೆಯ ಬಗ್ಗೆ ಕೇಳಿರುತ್ತಾರೆ, ಸೀಟು ಸಿಗುವುದಿಲ್ಲ ಎಂದು ಅದನ್ನು ಮುಚ್ಚಿಡುವುದು ಅಪಾಯ. ಬೈಪೋಲಾರ್ ಅಥವಾ ಸ್ಕಿಜೋಫ್ರೇನಿಯಾ ಇರುವವರಿಗೆ ದಿನಗಟ್ಟಲೆ ಮೌನ, ಕಡಿಮೆ ನಿದ್ದೆ, ದೀರ್ಘ ಧ್ಯಾನ ಒಗ್ಗುವುದಿಲ್ಲ. ಅವರು ಮನೆಯಲ್ಲೇ ಹತ್ತು ನಿಮಿಷ ಕೂರಬಹುದೇ ಎಂದು ಅವರ ಮನೋವೈದ್ಯರನ್ನೇ ಕೇಳಿ. ನಿದ್ದೆ ತಪ್ಪಿದ್ದರೆ, ಮಾತು ವಿಪರೀತ ಹೆಚ್ಚಾಗಿದ್ದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ತಮ್ಮ ಒಪ್ಪದಿದ್ದರೆ ನೀವೇ ಮಾಡಿ, ಮನೆಯವರೂ ಕೇಳಬಹುದು.